ರಾಗಿಕಲ್ಲು ನಿಂತ ಮೇಲೆ: ನಮ್ಮ ಹೆಣ್ಣುಮಕ್ಕಳ ಊಟ ಮತ್ತು ದುಡಿಮೆಯ ಚರಿತ್ರೆ

ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘವು ಇಪ್ಪತ್ತೈದು ವರ್ಷ ಪೂರೈಸಿರುವ ಈ ಶುಭ ಸಂದರ್ಭದಲ್ಲಿ ಸಂಘ ಬೆಳೆದು ಬಂದ ದಾರಿಯನ್ನು ಹಿರಿಯರು ಬೇರೆ ಪುಟಗಳಲ್ಲಿ ಬರೆದಿದ್ದಾರೆ. ಹಾಲಿನ ಲೆಕ್ಕ, ಬಟವಾಡೆ ಲೆಕ್ಕ, ಬೋನಸ್ಸಿನ ಲೆಕ್ಕ ಎಲ್ಲವೂ ಅಲ್ಲಿವೆ. ಆದರೆ ಯಾವ ರಿಜಿಸ್ಟರಿನಲ್ಲೂ ಬರೆಯದ ಲೆಕ್ಕ ಒಂದಿದೆ. ಹುಲ್ಲು ಹೊತ್ತು, ಸಗಣಿ ಬಾಚಿ, ಹಾಲು ಕರೆದು ಡೈರಿಗೆ ತರುವ ನಮ್ಮ ಹೆಣ್ಣುಮಕ್ಕಳು ಏನು ಉಂಡರು, ಎಷ್ಟು ದುಡಿದರು ಎಂಬ ಲೆಕ್ಕ. ಹಳೇ ಮೈಸೂರಿನ ರಾಗಿ ಸೀಮೆಯ ಮಟ್ಟಿಗೆ ಆ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಬೇಕೆಂದು ಹೊರಟಿದ್ದೇವೆ.

ಕಲ್ಲು, ಒನಕೆ, ಕೊಡ

ರಾಗಿ ನಮ್ಮ ಸೀಮೆಗೆ ಹೊಸದಲ್ಲ. ಹದಿನಾರನೇ ಶತಮಾನದಲ್ಲೇ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿ, ಕೊನೆಗೆ ರಾಗಿಯನ್ನೇ ಗೆಲ್ಲಿಸಿದರು. ಆರು ತಿಂಗಳು ಸೆರೆಯಲ್ಲಿಟ್ಟರೂ ಕೆಡದೆ ಉಳಿದದ್ದು ರಾಗಿ. ಇದು ಬರೀ ಕವಿಯ ಕಲ್ಪನೆಯಲ್ಲ. ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ, ಬರಗಾಲದಲ್ಲಿ ಊರನ್ನು ಕಾಯುತ್ತಿತ್ತು.

ಹಗೇವಿನ ರಾಗಿ ಮುದ್ದೆಯಾಗುವುದಕ್ಕೆ ಮಾತ್ರ ಹೆಣ್ಣಿನ ರಟ್ಟೆ ಬೇಕಿತ್ತು. ಕೋಳಿ ಕೂಗುವ ಮುಂಚೆ ಎದ್ದು ಕಲ್ಲಿಗೆ ಕೂರಬೇಕು. ಅದಾದ ಮೇಲೆ ಒನಕೆಯಲ್ಲಿ ಭತ್ತ ಕುಟ್ಟುವುದು, ಬಾವಿಯಿಂದ ನೀರು ಸೇದುವುದು, ಸೌದೆ ತರುವುದು, ಕಳೆ ಕೀಳುವುದು. ಆ ಬೀಸುವ ಕಲ್ಲಿನ ಮುಂದೆ ಹುಟ್ಟಿದ ಹಾಡುಗಳನ್ನು ಉತ್ತರದ ಕಡೆ ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಪುಸ್ತಕ ಮಾಡಿದರು. ಹಾಡು ಚೆಂದ ನಿಜ. ಆದರೆ ಹಾಡಿದ್ದು ರಟ್ಟೆಯ ನೋವು ಮರೆಯಲಿಕ್ಕೆ ಎಂಬುದನ್ನು ನಾವು ಮರೆಯಬಾರದು.

ಆ ಕಾಲದಲ್ಲಿ ದುಡಿಮೆ ಬೇರೆ, ಊಟ ಬೇರೆ ಆಗಿರಲಿಲ್ಲ. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಿದ್ದರು. ಅವರೆ, ತಡಗುಣಿ, ಹುಚ್ಚೆಳ್ಳು, ಸಾಸಿವೆ, ಜೋಳ ಎಲ್ಲ ಒಂದೇ ಹೊಲದಿಂದ ಮನೆಗೆ ಬರುತ್ತಿತ್ತು. ಕಳೆ ಕೀಳಲು ಹೋದವಳು ಸಂಜೆ ಬರುವಾಗ ಮಡಿಲ ತುಂಬ ಅಣ್ಣೆ, ಗಣಿಕೆ, ಹೊನಗೊನೆ, ಕೀರೆ ಕಿತ್ತು ತರುತ್ತಿದ್ದಳು. ರಾತ್ರಿಗೆ ಅದೇ ಬೆರಕೆ ಸೊಪ್ಪಿನ ಸಾರು. ಕೆಲಸವೇ ಪಲ್ಯ ತಂದುಕೊಡುತ್ತಿತ್ತು. ಕಾಸು ಬಿಚ್ಚಬೇಕಾಗಿರಲಿಲ್ಲ.

ಹಾಗೆಂದು ಹಿಂದಿನದೆಲ್ಲ ಚಿನ್ನ ಅಂತ ನಾವು ಹೇಳುತ್ತಿಲ್ಲ. ಮನೆಯವರೆಲ್ಲ ಉಂಡ ಮೇಲೆ ತಳದಲ್ಲಿ ಉಳಿದದ್ದು ಅವಳ ಪಾಲು. ಬಸುರಿಯಾದರೂ ನೀರು ಹೊರುವುದು ತಪ್ಪುತ್ತಿರಲಿಲ್ಲ. ಹೆರಿಗೆಯಲ್ಲಿ ಪ್ರಾಣ ಬಿಟ್ಟವರ ಲೆಕ್ಕವನ್ನೂ ಯಾರೂ ಇಡಲಿಲ್ಲ.

ಮಿಲ್ಲು, ಬೋರ್‌ವೆಲ್, ಅಕ್ಕಿ

ಮೊದಲು ನಿಂತದ್ದು ಕಲ್ಲು. ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿದರೂ ಅದು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಹಳ್ಳಿಗೆ ಬಂದದ್ದು ಬಹಳ ತಡವಾಗಿ. ಎಣ್ಣೆ ಇಂಜಿನ್ನಿನದೋ ಕರೆಂಟಿನದೋ, ಹಿಟ್ಟಿನ ಮಿಲ್ಲು ಬಂದ ಊರಿನಲ್ಲಿ ಹೆಂಗಸಿಗೆ ಬೆಳಗಿನ ನಿದ್ದೆ ಸಿಕ್ಕಿತು. ಆಮೇಲೆ ನೀರು. 1983ರಿಂದ 88ರವರೆಗೆ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಊರೂರಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಎಂದೇ ಹೆಸರಾದರು. ಆ ಹೆಸರು ಇಟ್ಟದ್ದು ಜನ. ಕೊಡ ಹೊತ್ತು ಸೊಂಟ ಬಿದ್ದುಹೋಗಿದ್ದ ಹೆಂಗಸರಿಗೆ ಅದರ ಬೆಲೆ ಗೊತ್ತು.

ಅದೇ ಹೊತ್ತಿಗೆ ತಟ್ಟೆಯೂ ಬದಲಾಗುತ್ತ ಬಂತು. ಕನ್ನಂಬಾಡಿ ಕಟ್ಟೆಯ ನಾಲೆ ಹರಿದ ಕಡೆ ಭತ್ತ, ಕಬ್ಬು ಬಂದವು. ಹಬ್ಬಕ್ಕೆ ಮಾತ್ರ ಇದ್ದ ಅನ್ನ ದಿನದ ಊಟವಾಯಿತು. ಖುಷ್ಕಿ ಸೀಮೆಗೆ ಅಕ್ಕಿಯನ್ನು ತಂದದ್ದು ರೇಷನ್ ಅಂಗಡಿ. 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾದ ಮೇಲೆ ಬಡವರ ಮನೆಯಲ್ಲಿ ಹಸಿದು ಮಲಗುವುದು ತಪ್ಪಿತು. ಇದು ಸಣ್ಣ ಮಾತಲ್ಲ, ಕೈಮುಗಿಯಬೇಕಾದ ಮಾತು. ಆದರೆ ಮಿಲ್ಲಿನಲ್ಲಿ ತೌಡು ಕಳೆದುಕೊಂಡ ಬಿಳಿ ಅಕ್ಕಿ ಹೊಟ್ಟೆ ತುಂಬಿಸುತ್ತದೆ, ಮೂಳೆ ತುಂಬಿಸುವುದಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು.

ಈಚೆಗೆ ಕಳೆನಾಶಕ ಬಂದಿದೆ. ಒಂದು ಕ್ಯಾನು ಹೊಡೆದರೆ ಹತ್ತಾಳಿನ ಕೆಲಸ ಮುಗಿಯಿತು. ಬೆನ್ನು ಬಗ್ಗಿಸುವುದು ತಪ್ಪಿತು, ಸರಿಯೇ. ಅದರ ಜೊತೆಗೇ ಕೂಲಿಯೂ ಹೋಯಿತು, ಮಡಿಲ ಸೊಪ್ಪೂ ಹೋಯಿತು. ಹೊಲ ಕೊಡುತ್ತಿದ್ದ ಸೊಪ್ಪನ್ನು ಈಗ ಸಂತೆಯಲ್ಲಿ ಕಟ್ಟಿನ ಲೆಕ್ಕದಲ್ಲಿ ಕೊಳ್ಳಬೇಕು.

ಪೇಟೆಯವಳು, ಹಳ್ಳಿಯವಳು

ಪೇಟೆಯ ಹೆಂಗಸಿಗೆ ಗ್ಯಾಸು, ಮಿಕ್ಸಿ, ಗ್ರೈಂಡರು, ವಾಷಿಂಗ್ ಮಷೀನು ನಮಗಿಂತ ಮೊದಲೇ ಬಂದವು. ಎಣ್ಣೆ, ಸಕ್ಕರೆ, ಬೇಕರಿ ತಿಂಡಿಯೂ ಮೊದಲೇ ಬಂದವು. ಮೈ ಬಗ್ಗುವುದು ಕಡಿಮೆ, ತಿನ್ನುವುದು ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಂತೆ ಕೂತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ 1,660 ಕ್ಯಾಲೊರಿ ಸಾಕು, ಭಾರಿ ದುಡಿಮೆಯವಳಿಗೆ 2,720 ಬೇಕು. ನಡುವೆ ಇರುವುದು ಮೂರು ಮುದ್ದೆಯಷ್ಟು ವ್ಯತ್ಯಾಸ. ದುಡಿಮೆ ಬಿಟ್ಟವಳು ಆ ಮೂರು ಮುದ್ದೆಯ ಊಟವನ್ನೂ ಉಂಡರೆ ಅದು ಮೈಯಲ್ಲಿ ಕೊಬ್ಬಾಗಿ ಕೂರುತ್ತದೆ. ದುಡಿಯುತ್ತಿರುವವಳು ಅದನ್ನು ಉಣ್ಣದಿದ್ದರೆ ಮೈ ಸವೆಯುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದನ್ನೇ ಹೇಳುತ್ತದೆ. ದೇಶದಲ್ಲಿ ಪೇಟೆಯ ಹೆಂಗಸರಲ್ಲಿ ಶೇ. 33.2 ಮಂದಿಗೆ ಹೆಚ್ಚಿನ ತೂಕ, ಹಳ್ಳಿಯವರಲ್ಲಿ ಶೇ. 19.7. ತೂಕ ಸಾಲದವರು ಹಳ್ಳಿಯಲ್ಲಿ ಶೇ. 21.2, ಪೇಟೆಯಲ್ಲಿ ಶೇ. 13.2. ಅದು ಪೇಟೆಯ ರೋಗ, ನಮಗೇಕೆ ಎನ್ನುವಂತಿಲ್ಲ. 2015-16ರಲ್ಲಿ ಹಳ್ಳಿಯ ಹೆಚ್ಚು ತೂಕದವರು ಶೇ. 15 ಮಾತ್ರ ಇದ್ದರು. ಐದಾರು ವರ್ಷದಲ್ಲಿ ಅಷ್ಟು ಏರಿದೆ. ಇನ್ನು ರಕ್ತಹೀನತೆ ಪೇಟೆ, ಹಳ್ಳಿ ಎರಡನ್ನೂ ಬಿಟ್ಟಿಲ್ಲ. ನಮ್ಮ ಕರ್ನಾಟಕದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಹೆಂಗಸರಿಗೆ, ಶೇ. 47.8 ಮಂದಿಗೆ, ರಕ್ತ ಸಾಲದು. ಸಕ್ಕರೆ ಕಾಯಿಲೆಯೂ ಹಳ್ಳಿಯ ಬಾಗಿಲು ದಾಟಿದೆ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದಲ್ಲಿ ಪೇಟೆಯಲ್ಲಿ ಶೇ. 16.4, ಹಳ್ಳಿಯಲ್ಲಿ ಶೇ. 8.9 ಎಂದು ಬಂದಿದೆ.

ನಮ್ಮ ಕಡೆಯ ಹೆಣ್ಣುಮಕ್ಕಳು ಈಗ ವ್ಯಾನು ಹತ್ತಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಮಷೀನಿನ ಮುಂದೆ ದಿನವಿಡೀ ಕೂರಬೇಕು, ಬಂದ ಮೇಲೆ ಕೊಟ್ಟಿಗೆ ಕೆಲಸ ಹಾಗೇ ಇರುತ್ತದೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಡಬ್ಬಿಯ ಅನ್ನ, ನಡುವೆ ಟೀ ಬನ್ನು. ಪೇಟೆಯ ಊಟವೂ ಹಳ್ಳಿಯ ದುಡಿಮೆಯೂ ಒಂದೇ ಮೈಮೇಲೆ ಬಿದ್ದಿವೆ. ಪೇಟೆಯವಳು ಕೆಲಸದ ಜೊತೆ ಅಷ್ಟಿಷ್ಟು ವಿಶ್ರಾಂತಿಯನ್ನಾದರೂ ಪಡೆದಳು, ನಮ್ಮವಳಿಗೆ ಅದೂ ಸಿಗಲಿಲ್ಲ.

ಹಾಲು ಎಲ್ಲಿಗೆ ಹೋಯಿತು?

ಇಷ್ಟು ಹೇಳಿದ ಮೇಲೆ ನಮ್ಮ ಸಂಘದ ಬಾಗಿಲಿಗೇ ಬರಬೇಕು. ಮೊದಲು ನಾಟಿ ಹಸು ಕೊಡುತ್ತಿದ್ದದ್ದು ಸೇರು ಎರಡು ಸೇರು ಹಾಲು. ಅದನ್ನು ಹೆಪ್ಪು ಹಾಕಿ ಕಡೆದು ಬೆಣ್ಣೆ ತೆಗೆಯುತ್ತಿದ್ದರು. ಬೆಣ್ಣೆ ಮಾರಿದ ಕಾಸು ಹೆಂಗಸಿನ ಕೈಯಲ್ಲಿ ಉಳಿಯುತ್ತಿತ್ತು, ಮಜ್ಜಿಗೆ ಮನೆಯಲ್ಲಿ ಉಳಿಯುತ್ತಿತ್ತು. ಹಸು ಇಲ್ಲದ ಮನೆಯವರೂ ಚೊಂಬು ಹಿಡಿದು ಬಂದರೆ ಮಜ್ಜಿಗೆ ಸಿಗುತ್ತಿತ್ತು.

1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ರಾಜ್ಯದ ಹೈನು ಅಭಿವೃದ್ಧಿ ಯೋಜನೆ ಶುರುವಾಯಿತು, 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳವಾಯಿತು. ಮಿಶ್ರತಳಿ ಹಸು ಬಂತು, ಹಾಲು ಹೆಚ್ಚಿತು, ಹದಿನೈದು ದಿನಕ್ಕೊಮ್ಮೆ ಕಾಸು ಬಂತು. ಮಕ್ಕಳ ಫೀಜು, ಮದುವೆ, ಸಾಲ ಎಲ್ಲವೂ ಅದರಿಂದ ನಡೆದಿವೆ. ಆದರೆ ಕ್ಯಾನಿಗೆ ಬಿದ್ದ ಹಾಲಿನಲ್ಲಿ ಮಜ್ಜಿಗೆ ಇಲ್ಲ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದಲ್ಲಿ ಶಾಲೆಯ ಮಕ್ಕಳಿಗೆ ಹಾಲು ಸಿಕ್ಕಿತು. 2017ರಲ್ಲಿ ಬಂದ ಮಾತೃಪೂರ್ಣ ಯೋಜನೆ ಬಸುರಿ ಬಾಣಂತಿಯರನ್ನು ಅಂಗನವಾಡಿಗೇ ಕರೆದು ಊಟ ಕೊಟ್ಟಿತು. ಮನೆಗೆ ಕೊಟ್ಟರೆ ಅದು ಅವಳ ತಟ್ಟೆಗೆ ಬರುವ ಭರವಸೆ ಇಲ್ಲವಲ್ಲ! ಮಕ್ಕಳಿಗಾಯಿತು, ಬಸುರಿಗಾಯಿತು. ಹಾಲು ಕರೆಯುವ ನಲವತ್ತು ಐವತ್ತರ ಹೆಂಗಸಿಗೆ ಮಾತ್ರ ಕಪ್ಪು ಟೀಯೇ ಗತಿ. ಮೂಳೆ ಸವೆಯುವ ವಯಸ್ಸು ಅದೇ. ಊಟದ ಹಿಂದೆಯೇ ಕುಡಿದ ಟೀ, ಸೊಪ್ಪು ರಾಗಿಯಲ್ಲಿದ್ದ ಕಬ್ಬಿಣದ ಅಂಶವನ್ನೂ ಮೈಗೆ ಹತ್ತಗೊಡುವುದಿಲ್ಲ.

ಮಾನ್ಯ ಸದಸ್ಯ ಬಂಧುಗಳೇ, ರಾಗಿಕಲ್ಲಿಗೆ ಮತ್ತೆ ಕೂರಿ ಎಂದು ಯಾರೂ ಹೇಳಬಾರದು. ಮಿಲ್ಲು ಇರಲಿ, ನಲ್ಲಿ ಇರಲಿ, ಗ್ಯಾಸ್ ಇರಲಿ. ಕಲ್ಲಿನ ಜೊತೆ ಹೊರಗೆ ಹೋದ ಊಟವನ್ನಷ್ಟೇ ವಾಪಸು ತರೋಣ. ಕ್ಯಾನಿಗೆ ಸುರಿಯುವ ಮುಂಚೆ ಮನೆಗೆ ಅರ್ಧ ಲೀಟರು ತೆಗೆದಿಡಿ, ಅದರಲ್ಲಿ ಕರೆದವಳಿಗೂ ಒಂದು ಲೋಟ ಇರಲಿ. ದಿನಕ್ಕೆ ಒಂದು ಹೊತ್ತು ಮುದ್ದೆ, ಹಿತ್ತಲಲ್ಲಿ ಒಂದು ನುಗ್ಗೆ ಮರ, ಹೊಲದಂಚಿನಲ್ಲಿ ಎರಡು ಅಕ್ಕಡಿ ಸಾಲು. ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಪದ್ಧತಿ. ಕೂತು ದುಡಿಯುವ ಮಗಳು, ಸೊಸೆಯರಿಗೆ ಸಂಜೆ ಅರ್ಧ ಗಂಟೆ ನಡಿಗೆ, ಆ ಹೊತ್ತಿನಲ್ಲಿ ಕೊಟ್ಟಿಗೆ ಕೆಲಸ ಗಂಡಸರ ಪಾಲಿಗೆ. ಇದಕ್ಕೆ ಸರ್ಕಾರದ ಆದೇಶವೂ ಬೇಡ, ಬ್ಯಾಂಕಿನ ಸಾಲವೂ ಬೇಡ.

ಹಸುವಿಗೆ ಹಿಂಡಿ, ಬೂಸಾ, ಖನಿಜ ಮಿಶ್ರಣ ಎಷ್ಟು ಎಂದು ನಮ್ಮ ಸಂಘ ಇಪ್ಪತ್ತೈದು ವರ್ಷ ಲೆಕ್ಕ ಹೇಳಿಕೊಟ್ಟಿದೆ. ಮುಂದಿನ ಇಪ್ಪತ್ತೈದು ವರ್ಷದಲ್ಲಿ ಹಸು ಸಾಕುವವಳ ತಟ್ಟೆಯ ಲೆಕ್ಕವೂ ನಮ್ಮ ಸಭೆಗಳಲ್ಲಿ ಬರಲಿ ಎಂದು ಹಾರೈಸುತ್ತೇವೆ.