ಅಂತರ್ಜಾಲ ದೂರವಾಣಿ: ಕರೆದರ ಮತ್ತು ಬಿಲ್ಲಿಂಗ್ ವ್ಯವಸ್ಥೆಯ ಇತಿಹಾಸ

ಧ್ವನಿಯನ್ನು ಪ್ಯಾಕೆಟ್‌ಗಳಾಗಿ ಒಡೆದು ಅಂತರ್ಜಾಲದ ಮೂಲಕ ಸಾಗಿಸುವ ದೂರವಾಣಿ ಸೇವೆಗೆ ದರ ಗೊತ್ತುಮಾಡುವ, ಆ ದರದಂತೆ ಪ್ರತಿ ಕರೆಯ ಲೆಕ್ಕವಿಡುವ ಮತ್ತು ನಿಮಿಷಗಳನ್ನು ಪ್ಯಾಕ್‌ಗಳಾಗಿ ಮಾರುವ ಪದ್ಧತಿಗಳು 1990ರ ದಶಕದ ನಡುಭಾಗದಿಂದ ರೂಪುಗೊಂಡವು. ಮೂವತ್ತು ವರ್ಷಗಳ ಈ ಇತಿಹಾಸದುದ್ದಕ್ಕೂ ಒಂದು ಸಂಗತಿ ಎದ್ದು ಕಾಣುತ್ತದೆ. ಅಂತರ್ಜಾಲದಲ್ಲಿ ಮಾತು ಸಾಗಿಸಲು ತಗಲುವ ಖರ್ಚು ತೀರ ಕಡಿಮೆ. ಗ್ರಾಹಕ ತೆರುವ ಹಣದ ದೊಡ್ಡ ಪಾಲು ಆ ಕರೆಯನ್ನು ಕೊನೆಗೆ ಸಾಮಾನ್ಯ ಫೋನಿಗೆ ಮುಟ್ಟಿಸುವ ಕಂಪನಿಗೆ ಹೋಗುತ್ತದೆ. ಆ ಪಾಲು ಎಷ್ಟಿರಬೇಕೆಂಬುದನ್ನು ಎಂಜಿನಿಯರುಗಳಿಗಿಂತ ಹೆಚ್ಚಾಗಿ ಸರ್ಕಾರಗಳೂ ನಿಯಂತ್ರಣ ಸಂಸ್ಥೆಗಳೂ ತೀರ್ಮಾನಿಸಿವೆ.

ಹಳೆಯ ದೂರವಾಣಿಯಲ್ಲಿ ದರವನ್ನು ದೂರ, ಹೊತ್ತು ಮತ್ತು ಅವಧಿ ನೋಡಿ ಕಟ್ಟುತ್ತಿದ್ದರು. ಭಾರತದಲ್ಲಿ ಆಪರೇಟರ್ ನೆರವಿಲ್ಲದೆ ದೂರದ ಊರಿಗೆ ಕರೆ ಮಾಡುವ ಎಸ್‌ಟಿಡಿ ಸೌಲಭ್ಯ ಮೊದಲು ಬಂದದ್ದು 1960ರ ನವೆಂಬರ್‌ನಲ್ಲಿ, ಲಖನೌ ಮತ್ತು ಕಾನ್ಪುರ ನಡುವೆ. ಎಕ್ಸ್‌ಚೇಂಜಿನ ಮೀಟರು ಪಲ್ಸ್‌ಗಳನ್ನು ಎಣಿಸುತ್ತಿತ್ತು. ಊರು ದೂರವಾದಷ್ಟೂ ಪಲ್ಸ್ ಬೇಗಬೇಗ ಬೀಳುತ್ತಿತ್ತು. ರಾತ್ರಿ ಹೊತ್ತು ಕಾಲು ದರಕ್ಕೆ ಮಾತನಾಡಲು ಎಸ್‌ಟಿಡಿ ಬೂತ್‌ಗಳ ಮುಂದೆ ಜನ ಸಾಲುಗಟ್ಟುತ್ತಿದ್ದುದು ಈ ಲೆಕ್ಕದಿಂದಲೇ. ವಿದೇಶಿ ಕರೆಗಳ ವ್ಯವಹಾರ ಬೇರೆ. ಕರೆ ಹೊರಟ ದೇಶದ ಕಂಪನಿ, ಕರೆ ತಲುಪಿದ ದೇಶದ ಕಂಪನಿಗೆ ನಿಮಿಷಕ್ಕಿಷ್ಟು ಎಂದು ಕೊಡಬೇಕಿತ್ತು. ಭಾರತದಲ್ಲಿ ಈ ಹಣ ಪಡೆಯುವ ಏಕಸ್ವಾಮ್ಯ ವಿದೇಶ ಸಂಚಾರ ನಿಗಮದ್ದು, ಅಂದರೆ ವಿಎಸ್‌ಎನ್‌ಎಲ್‌ನದು. ಈ ಮೊತ್ತ ನಿಜವಾದ ಖರ್ಚಿಗಿಂತ ಎಷ್ಟೋ ಪಟ್ಟು ಹೆಚ್ಚೆಂದು ಆಕ್ಷೇಪಿಸಿದ ಅಮೆರಿಕದ ಫೆಡರಲ್ ಸಂವಹನ ಆಯೋಗ, ಎಫ್‌ಸಿಸಿ, 1997ರಲ್ಲಿ ಮಿತಿಗಳನ್ನು ಹಾಕಿತು. ಕಡಿಮೆ ಆದಾಯದ ದೇಶಗಳಿಗೆ ಅದು ಒಪ್ಪಿದ ಗರಿಷ್ಠ ದರ ನಿಮಿಷಕ್ಕೆ 23 ಸೆಂಟ್. ವಿದೇಶಿ ಕರೆಗಳ ಈ ಎತ್ತರದ ಬೆಲೆಯೇ ಅಂತರ್ಜಾಲ ದೂರವಾಣಿಯ ವ್ಯಾಪಾರಕ್ಕೆ ಬಾಗಿಲು ತೆರೆಯಿತು.

ಪ್ಯಾಕೆಟ್‌ಗಳಲ್ಲಿ ಮಾತು ಸಾಗಿಸುವ ಪ್ರಯೋಗ 1974ರಷ್ಟು ಹಳೆಯದು. ಡ್ಯಾನಿ ಕೋಹೆನ್ ಮತ್ತು ಸಂಗಡಿಗರು ಆರ್ಪಾನೆಟ್ ಜಾಲದಲ್ಲಿ ಅದನ್ನು ಮಾಡಿ ತೋರಿಸಿದರು. ಸಂಶೋಧನೆಯ ಜಾಲವಾದ್ದರಿಂದ ಬಿಲ್ಲಿನ ಪ್ರಶ್ನೆಯೇ ಬರಲಿಲ್ಲ. 1995ರ ಫೆಬ್ರುವರಿಯಲ್ಲಿ ಇಸ್ರೇಲಿನ ವೋಕಲ್‌ಟೆಕ್ ಕಂಪನಿ 'ಇಂಟರ್ನೆಟ್ ಫೋನ್' ಎಂಬ ತಂತ್ರಾಂಶವನ್ನು ಮಾರುಕಟ್ಟೆಗೆ ತಂದಿತು. ಎರಡೂ ಕಡೆ ಕಂಪ್ಯೂಟರ್, ಸೌಂಡ್ ಕಾರ್ಡ್, ಮೈಕ್ ಇದ್ದರೆ ಖಂಡಾಂತರದ ಮಾತಿಗೂ ಅಂತರ್ಜಾಲ ಸಂಪರ್ಕದ ಖರ್ಚು ಬಿಟ್ಟು ಬೇರೇನೂ ಇಲ್ಲ. ಮರುವರ್ಷವೇ ಅಮೆರಿಕದ ಸಣ್ಣ ದೂರವಾಣಿ ಕಂಪನಿಗಳ ಸಂಘವೊಂದು ಇಂಥ ತಂತ್ರಾಂಶಗಳ ಮಾರಾಟ ನಿಲ್ಲಿಸಬೇಕೆಂದು ಎಫ್‌ಸಿಸಿಗೆ ಅರ್ಜಿ ಹಾಕಿತು. ಆಯೋಗ ನಿಷೇಧ ಹೇರಲಿಲ್ಲ.

ಖರ್ಚು ಕುಸಿಯಲು ಕಾರಣ ಸರಳ. ಹಳೆಯ ಜಾಲದಲ್ಲಿ ಒಂದು ಕರೆಗೆ ಸೆಕೆಂಡಿಗೆ 64 ಕಿಲೋಬಿಟ್‌ನ ಹಾದಿ ಮೀಸಲು. ಇಬ್ಬರೂ ಸುಮ್ಮನಿದ್ದರೂ ಆ ಹಾದಿ ಬೇರೆಯವರಿಗೆ ಸಿಗದು. ಜಿ.729 ಎಂಬ ಸಂಕೋಚನ ವಿಧಾನ ಅದೇ ಮಾತನ್ನು 8 ಕಿಲೋಬಿಟ್‌ಗೆ ಇಳಿಸಿತು. ಪ್ಯಾಕೆಟ್‌ಗಳ ವಿಳಾಸದ ಭಾರ ಸೇರಿದರೂ ಒಂದು ದಿಕ್ಕಿಗೆ ಸುಮಾರು 24 ಕಿಲೋಬಿಟ್ ಸಾಕು. ಜೊತೆಗೆ ಅಂತರ್ಜಾಲ ದೂರವನ್ನು ಅಳೆಯುವುದಿಲ್ಲ. ಹಳೆಯ ದರಪಟ್ಟಿಯ ಮೊದಲ ಅಳತೆ ಹೀಗೆ ಬಿದ್ದುಹೋಯಿತು, ಹೊತ್ತಿನ ಅಳತೆಯೂ ಹೆಚ್ಚುಕಾಲ ಉಳಿಯಲಿಲ್ಲ.

ಹಣ ಕೇಳುವ ಸೇವೆ ಆರಂಭವಾದದ್ದು ಕಂಪ್ಯೂಟರಿನಿಂದ ಸಾಮಾನ್ಯ ಫೋನಿಗೆ ಕರೆ ಹೋಗತೊಡಗಿದಾಗ. ಐಡಿಟಿ ಕಂಪನಿಯ ನೆಟ್‌2ಫೋನ್ 1996ರಲ್ಲಿ ಈ ಸೇವೆ ತೆರೆಯಿತು. ಕರೆ ಅಂತರ್ಜಾಲದಲ್ಲಿ ಸಾಗಿ, ಗೇಟ್‌ವೇ ಎಂಬ ಯಂತ್ರದಲ್ಲಿ ಹೊರಬಂದು, ಸ್ಥಳೀಯ ದೂರವಾಣಿ ಜಾಲ ಸೇರುತ್ತಿತ್ತು. ಈ ಕೊನೆಯ ತುಂಡಿನ ಹೆಸರು ಟರ್ಮಿನೇಷನ್. ಅದರ ಸುತ್ತ ಸಗಟು ಮಾರುಕಟ್ಟೆಯೊಂದು ಬೆಳೆಯಿತು. 1997ರಲ್ಲಿ ಹುಟ್ಟಿದ ಐಟಿಎಕ್ಸ್‌ಸಿ ನಾನಾ ದೇಶಗಳ ಗೇಟ್‌ವೇಗಳನ್ನು ಒಗ್ಗೂಡಿಸಿ ದೊಡ್ಡ ಕಂಪನಿಗಳಿಗೆ ನಿಮಿಷಗಳನ್ನು ಮಾರಿತು. ಆರ್ಬಿನೆಟ್ ನಿಮಿಷಗಳ ವಿನಿಮಯ ಕೇಂದ್ರವನ್ನೇ ನಡೆಸಿತು. ಮಾತನಾಡುವ ಕಾಲವನ್ನು ಧಾನ್ಯದಂತೆ ಸಗಟಿನಲ್ಲಿ ಕೊಂಡು ಚಿಲ್ಲರೆಯಲ್ಲಿ ಮಾರುವ ಈ ವ್ಯಾಪಾರವೇ ಮುಂದಿನ ಬಿಲ್ಲಿಂಗ್ ತಂತ್ರಾಂಶಗಳಿಗೆ ಅಚ್ಚಾಯಿತು.

ಈ ವ್ಯಾಪಾರದ ಮೂಲ ದಾಖಲೆ ರೇಟ್ ಶೀಟ್. ಅದರ ಪ್ರತಿ ಸಾಲಿನಲ್ಲಿ ಸಂಖ್ಯೆಯ ಆರಂಭದ ಅಂಕಿಗಳು, ಅಂದರೆ ಪ್ರಿಫಿಕ್ಸ್, ಸ್ಥಳದ ಹೆಸರು, ನಿಮಿಷದ ದರ, ಬಿಲ್ಲಿಂಗ್ ಪಲ್ಸ್ ಮತ್ತು ದರ ಜಾರಿಗೆ ಬರುವ ದಿನಾಂಕ ಇರುತ್ತವೆ. ಭಾರತಕ್ಕೆ 91, ಬೆಂಗಳೂರಿನ ಸ್ಥಿರ ದೂರವಾಣಿಗೆ 9180, ಮಂಗಳೂರಿಗೆ 91824. ಕರೆ ಬಂದಾಗ ತಂತ್ರಾಂಶ ಸಂಖ್ಯೆಗೆ ಹೊಂದುವ ಅತಿ ಉದ್ದದ ಪ್ರಿಫಿಕ್ಸನ್ನು ಹುಡುಕಿ ಅದರ ದರ ಹಚ್ಚುತ್ತದೆ. ಈ ನಿಯಮ ಸಣ್ಣದೆನಿಸಿದರೂ ಲಾಭನಷ್ಟ ಇಲ್ಲೇ ನಿಂತಿದೆ. ಯುರೋಪಿನ ಬಹುತೇಕ ದೇಶಗಳಲ್ಲಿ ಮೊಬೈಲಿಗೆ ಕರೆ ಮುಟ್ಟಿಸುವ ಶುಲ್ಕ ಸ್ಥಿರ ದೂರವಾಣಿಯ ಶುಲ್ಕಕ್ಕಿಂತ ಬಹಳ ಹೆಚ್ಚಿತ್ತು. ಮೊಬೈಲ್‌ನ ಉದ್ದ ಪ್ರಿಫಿಕ್ಸ್‌ಗಳನ್ನು ಪಟ್ಟಿಗೆ ಸೇರಿಸಲು ಮರೆತ ವ್ಯಾಪಾರಿ ಆ ಕರೆಗಳನ್ನೆಲ್ಲ ಸ್ಥಿರ ದೂರವಾಣಿಯ ಅಗ್ಗದ ದರಕ್ಕೆ ಮಾರಿ ಕೈಸುಟ್ಟುಕೊಳ್ಳಬೇಕು. ಅಮೆರಿಕದಲ್ಲಿ ಮೊಬೈಲ್ ಕರೆ ಸ್ವೀಕರಿಸುವವರೂ ಹಣ ತೆರುವ ಪದ್ಧತಿ ಇದ್ದುದರಿಂದ ಅಲ್ಲಿ ಈ ಭೇದ ಇರಲಿಲ್ಲ.

ದರಕ್ಕಿಂತ ಪಲ್ಸ್ ಹೆಚ್ಚು ಮುಖ್ಯವೆಂದು ಹೇಳಿದರೂ ತಪ್ಪಾಗದು. 60/60 ಎಂದರೆ ಮೊದಲ 60 ಸೆಕೆಂಡು, ಆಮೇಲೆ ಪ್ರತಿ 60 ಸೆಕೆಂಡು ಒಂದು ಘಟಕ. 61 ಸೆಕೆಂಡಿನ ಕರೆಗೆ ಎರಡು ನಿಮಿಷದ ಹಣ. 30/6 ಪದ್ಧತಿಯಲ್ಲಿ ಅದೇ ಕರೆಗೆ 66 ಸೆಕೆಂಡಿನ ಹಣ, 1/1ರಲ್ಲಿ ಸರಿಯಾಗಿ 61 ಸೆಕೆಂಡಿನದು. ಚಿಕ್ಕ ಕರೆಗಳನ್ನು ಮಾಡುವ ಬಡ ಗ್ರಾಹಕರಿಗೆ ಈ ವ್ಯತ್ಯಾಸ ಎಲ್ಲರಿಗಿಂತ ಹೆಚ್ಚು ತಟ್ಟುತ್ತದೆ. ಭಾರತದ ಮೊಬೈಲ್ ಗ್ರಾಹಕರಿಗೆ ಇದರ ಅರಿವಾದದ್ದು 2009ರಲ್ಲಿ, ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಎಂಬ ದರ ತಂದಾಗ. ಉಳಿದ ಕಂಪನಿಗಳೂ ಬೇಗನೆ ಅದನ್ನೇ ಹಿಡಿದವು.

ಪ್ರೀಪೇಯ್ಡ್ ಸೇವೆ ಇನ್ನೊಂದು ಲೆಕ್ಕ ಕೇಳುತ್ತದೆ. ಬಿಲ್ಲು ತಿಂಗಳ ಕೊನೆಯಲ್ಲಿ ಬರುವುದಾದರೆ ಕರೆ ಮುಗಿದ ಮೇಲೆ ಸಿಡಿಆರ್ ಎಂಬ ಕರೆ ದಾಖಲೆ ನೋಡಿ ದರ ಹಚ್ಚಬಹುದು. ಪ್ರೀಪೇಯ್ಡ್‌ನಲ್ಲಿ ಕರೆ ಹತ್ತುವ ಮುನ್ನವೇ ಲೆಕ್ಕ ಆಗಬೇಕು. ಖಾತೆಯಲ್ಲಿ 2 ಡಾಲರ್ ಇದ್ದು ದರ ನಿಮಿಷಕ್ಕೆ 10 ಸೆಂಟ್ ಆದರೆ ಗರಿಷ್ಠ 1200 ಸೆಕೆಂಡು. ಅಷ್ಟಾದ ಕೂಡಲೇ ಯಂತ್ರ ಕರೆಯನ್ನು ಕಡಿಯಬೇಕು. ಅದೇ ಖಾತೆಯಿಂದ ಏಕಕಾಲಕ್ಕೆ ಎರಡು ಕರೆ ಹೋದರೆ ಅದೇ ಹಣ ಎರಡು ಸಲ ಖರ್ಚಾಗುತ್ತದೆ. ಆದ್ದರಿಂದ ಬ್ಯಾಲೆನ್ಸನ್ನು ತುಂಡುತುಂಡಾಗಿ ಕಾಯ್ದಿರಿಸುವ ಪದ್ಧತಿ ಬಂತು. ಮೊದಲು ಈ ಕೆಲಸಕ್ಕೆ ಡಯಲಪ್ ಅಂತರ್ಜಾಲದ ಲೆಕ್ಕಕ್ಕೆಂದು ಹುಟ್ಟಿದ್ದ ರೇಡಿಯಸ್ ಶಿಷ್ಟಾಚಾರವನ್ನು, ಅಂದರೆ ಪ್ರೋಟೊಕಾಲನ್ನು, ಬಳಸಿದರು. 2005ರಲ್ಲಿ ಡಯಾಮೀಟರ್ ಎಂಬ ಶಿಷ್ಟಾಚಾರಕ್ಕೆ ಕ್ರೆಡಿಟ್, ಅಂದರೆ ಬ್ಯಾಲೆನ್ಸ್, ನಿಯಂತ್ರಣದ ವಿಧಿಗಳು ಸೇರಿದವು.

1999ರಲ್ಲಿ ಎರಡು ಘಟನೆಗಳು ಈ ಕ್ಷೇತ್ರವನ್ನು ಸಣ್ಣವರ ಕೈಗೂ ತಂದವು. ಕರೆ ಜೋಡಿಸುವ ಸಿಪ್ ಶಿಷ್ಟಾಚಾರ ಆ ವರ್ಷ ಪ್ರಕಟವಾಯಿತು. ಅದೇ ವರ್ಷ ಮಾರ್ಕ್ ಸ್ಪೆನ್ಸರ್ ಆಸ್ಟೆರಿಸ್ಕ್ ಎಂಬ ಮುಕ್ತ ತಂತ್ರಾಂಶ ಎಕ್ಸ್‌ಚೇಂಜನ್ನು ಬರೆಯಲು ಆರಂಭಿಸಿದರು. ಅದರ ಮೇಲೆ ಕೂರುವ ಎ2ಬಿಲ್ಲಿಂಗ್, ಎಎಸ್‌ಟಿಪಿಪಿ ಮೊದಲಾದ ಮುಕ್ತ ಬಿಲ್ಲಿಂಗ್ ತಂತ್ರಾಂಶಗಳು ಬಂದವು. ಎಎಸ್‌ಟಿಪಿಪಿಯನ್ನು ಈಗ ಅಹಮದಾಬಾದಿನ ಕಂಪನಿಯೊಂದು ಬೆಳೆಸುತ್ತಿದೆ. ಇವುಗಳಲ್ಲಿ ಸೇವೆ ಸಿದ್ಧಪಡಿಸುವ ಕ್ರಮ ಹೆಚ್ಚುಕಡಿಮೆ ಒಂದೇ. ಸಗಟುದಾರರ ಹಾದಿಗಳನ್ನು, ಅಂದರೆ ಟ್ರಂಕ್‌ಗಳನ್ನು, ಮೊದಲು ನಮೂದಿಸಬೇಕು. ಪ್ರತಿ ಟ್ರಂಕಿಗೂ ಕೊಳ್ಳುವ ದರದ ಪಟ್ಟಿ, ಗ್ರಾಹಕರ ಗುಂಪಿಗೆ ಮಾರುವ ದರದ ಪಟ್ಟಿ ಬೇರೆಬೇರೆ. ಎರಡರ ನಡುವಿನ ಅಂತರವೇ ಗಳಿಕೆ. ಒಂದೇ ಊರಿಗೆ ಹಲವು ಹಾದಿಗಳಿದ್ದರೆ ಅಗ್ಗದ್ದನ್ನು ಮೊದಲು ಪ್ರಯತ್ನಿಸುವಂತೆ ಹೇಳಬಹುದು. ಅಗ್ಗವಾದದ್ದು ಒಳ್ಳೆಯದೇ ಆಗಬೇಕಿಲ್ಲ: ಆ ಕಡೆ ಯಾರೂ ಫೋನ್ ಎತ್ತದಿದ್ದರೂ ಎತ್ತಿದಂತೆ ಸಂಕೇತ ಕಳಿಸಿ ನಿಮಿಷ ಎಣಿಸುವ ಹಾದಿಗಳು ಸಗಟು ಮಾರುಕಟ್ಟೆಯ ಹಳೆಯ ಪಿಡುಗು. ಗ್ರಾಹಕರ ಪಾಸ್‌ವರ್ಡ್ ಕದ್ದು ರಾತ್ರೋರಾತ್ರಿ ದುಬಾರಿ ದೇಶಗಳಿಗೆ ಕರೆ ಹರಿಸುವ ವಂಚನೆ ಇನ್ನೊಂದು. ದಿನದ ಖರ್ಚಿಗೆ ಮಿತಿ ಹಾಕದೆ ಸೇವೆ ತೆರೆಯಲೇಬಾರದು.

ನಿಮಿಷಗಳನ್ನು ಪ್ಯಾಕ್ ಮಾಡಿ ಮಾರುವ ಕಲೆ ಹಲವು ಸೋಲುಗಳನ್ನು ದಾಟಿ ಬಂದಿದೆ. ಅಮೆರಿಕದೊಳಗಿನ ಕರೆಗಳನ್ನು ಜಾಹೀರಾತಿನ ಬಲದ ಮೇಲೆ ಉಚಿತವಾಗಿ ಕೊಟ್ಟ ಡಯಲ್‌ಪ್ಯಾಡ್ 2001ರಲ್ಲಿ ದಿವಾಳಿಯಾಯಿತು. ಜಾಹೀರಾತಿನ ಆದಾಯ ಟರ್ಮಿನೇಷನ್ ಶುಲ್ಕವನ್ನು ತುಂಬಲಿಲ್ಲ. ವೋನೇಜ್ ಕಂಪನಿ ಬ್ರಾಡ್‌ಬ್ಯಾಂಡ್ ಇರುವ ಮನೆಗಳಿಗೆ ತಿಂಗಳಿಗಿಷ್ಟು ಎಂಬ ಒಂದೇ ದರ ತಂದಿತು. 2009ರಲ್ಲಿ ಅದು ತೆರೆದ 'ವೋನೇಜ್ ವರ್ಲ್ಡ್' ಪ್ಯಾಕ್‌ನಲ್ಲಿ ತಿಂಗಳಿಗೆ 24.99 ಡಾಲರ್‌ಗೆ 60ಕ್ಕೂ ಹೆಚ್ಚು ದೇಶಗಳಿಗೆ ಮಿತಿಯಿಲ್ಲದ ಕರೆ; ಅವುಗಳಲ್ಲಿ ಭಾರತವೂ ಇದ್ದುದರಿಂದ ಅಮೆರಿಕದ ಕನ್ನಡಿಗರ ಮನೆಗಳಿಗೂ ಅದು ಒದಗುವಂತಿತ್ತು. 2003ರಲ್ಲಿ ಬಂದ ಸ್ಕೈಪ್, ಕಂಪ್ಯೂಟರ್‌ಗಳ ನಡುವಣ ಕರೆಯನ್ನು ಪೂರ್ತಿ ಉಚಿತ ಮಾಡಿ, ಮರುವರ್ಷ ಸಾಮಾನ್ಯ ಫೋನಿನ ಕರೆಗೆ ಮಾತ್ರ ಹಣ ಕೇಳಿತು. ಮುಖ್ಯ ದೇಶಗಳಿಗೆ ನಿಮಿಷಕ್ಕೆ 1.7 ಯೂರೋ ಸೆಂಟ್. ಹಣ ಬೇಕಿರುವುದು ಕೊನೆಯ ತುಂಡಿಗೆ ಮಾತ್ರ ಎಂಬ ಸತ್ಯವನ್ನು ದರಪಟ್ಟಿಯಲ್ಲೇ ಇಷ್ಟು ನೇರವಾಗಿ ತೋರಿದವರು ಸ್ಕೈಪ್‌ಗೆ ಮೊದಲು ವಿರಳ.

ಕಾಲಿಂಗ್ ಕಾರ್ಡ್‌ಗಳ ಕಥೆ ಇಷ್ಟು ಪ್ರಾಮಾಣಿಕವಲ್ಲ. ವಲಸೆ ಕಾರ್ಮಿಕರಿಗೆ ಮಾರುತ್ತಿದ್ದ ಈ ಕಾರ್ಡ್‌ಗಳಲ್ಲಿ ದೊಡ್ಡ ಅಕ್ಷರದಲ್ಲಿ ನಿಮಿಷಗಳ ಸಂಖ್ಯೆ, ಸಣ್ಣ ಅಕ್ಷರದಲ್ಲಿ ಸಂಪರ್ಕ ಶುಲ್ಕ, ವಾರದ ನಿರ್ವಹಣಾ ಶುಲ್ಕ, ಮೂರು ನಿಮಿಷದ ಪಲ್ಸ್. ಅಮೆರಿಕದ ಫೆಡರಲ್ ವ್ಯಾಪಾರ ಆಯೋಗ 2008ರಲ್ಲಿ ಇಂಥ ಕಂಪನಿಗಳ ಮೇಲೆ ಮೊಕದ್ದಮೆ ಹೂಡಿತು. ಒಂದು ಪ್ರಕರಣದಲ್ಲಿ ಪರೀಕ್ಷಿಸಿದ ಕಾರ್ಡ್‌ಗಳು ಹೇಳಿದ್ದರಲ್ಲಿ ಸುಮಾರು ಅರ್ಧದಷ್ಟೇ ನಿಮಿಷ ಕೊಟ್ಟಿದ್ದವು. ಮನೆಯವರ ದನಿ ಕೇಳಲು ಹಾತೊರೆಯುವವರಿಂದ ಸೆಕೆಂಡುಗಳನ್ನು ಕದಿಯುವುದು ಈ ಇತಿಹಾಸದ ಅತ್ಯಂತ ನಾಚಿಕೆಗೇಡಿನ ಅಧ್ಯಾಯ.

ಮಂಗಳೂರು, ಉಡುಪಿ, ಭಟ್ಕಳ ಕಡೆಯ ಸಾವಿರಾರು ಕುಟುಂಬಗಳ ಆಸರೆಯಾದ ಕೊಲ್ಲಿ ದೇಶಗಳಲ್ಲಿ ದರ ನಿರ್ಧಾರವಾದದ್ದು ಅನುಮತಿಯ ಮೂಲಕ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಪರವಾನಗಿ ಇಲ್ಲದ ಅಂತರ್ಜಾಲ ಕರೆಗಳನ್ನು ತಡೆಯಲಾಗುತ್ತಿತ್ತು. 2018ರ ಆರಂಭದಲ್ಲಿ ಅಲ್ಲಿನ ಎರಡು ದೂರಸಂಪರ್ಕ ಕಂಪನಿಗಳು ಬೊಟಿಮ್‌ನಂಥ ಒಪ್ಪಿಗೆ ಪಡೆದ ಆ್ಯಪ್‌ಗಳಿಗೆ ಪ್ರತ್ಯೇಕ ಪ್ಯಾಕ್ ತಂದವು: ಮೊಬೈಲಿಗೆ ತಿಂಗಳಿಗೆ 50 ದಿರ್ಹಮ್. ಡೇಟಾಗೆ ಹಣ ಕೊಟ್ಟ ಮೇಲೂ ಮಾತಾಡುವ ಅವಕಾಶಕ್ಕೆ ಮತ್ತೆ ಹಣ. ಸೌದಿ ಅರೇಬಿಯಾ 2017ರ ಸೆಪ್ಟೆಂಬರ್‌ನಲ್ಲೇ ತಡೆ ತೆಗೆದಿತ್ತು.

ಭಾರತದಲ್ಲಿ 1995ರ ಆಗಸ್ಟ್ 15ರಂದು ಸಾರ್ವಜನಿಕ ಅಂತರ್ಜಾಲ ಸೇವೆ ಆರಂಭಿಸಿದ ವಿಎಸ್‌ಎನ್‌ಎಲ್, ತನ್ನ ಆದಾಯಕ್ಕೆ ಕುತ್ತೆಂದು ಅಂತರ್ಜಾಲ ದೂರವಾಣಿಯ ತಾಣಗಳನ್ನು ತಡೆಹಿಡಿದಿತ್ತು. ಅದರ ಏಕಸ್ವಾಮ್ಯ ಮುಗಿದು 2002ರ ಏಪ್ರಿಲ್ 1ರಿಂದ ಸೇವೆಗೆ ಅನುಮತಿ ಸಿಕ್ಕಿತಾದರೂ ಭಾರತದ ಕಂಪ್ಯೂಟರಿನಿಂದ ವಿದೇಶದ ಫೋನಿಗೆ ಕರೆ ಮಾಡಬಹುದಿತ್ತೇ ಹೊರತು ಭಾರತದ ಫೋನಿಗಲ್ಲ. ಮುಂದೆ ಟಾಟಾ ಸಮೂಹದ ಕೈಸೇರಿದ ಅದೇ ವಿಎಸ್‌ಎನ್‌ಎಲ್, ಐಟಿಎಕ್ಸ್‌ಸಿಯನ್ನು ಒಳಗೊಂಡಿದ್ದ ಟೆಲಿಗ್ಲೋಬ್ ಕಂಪನಿಯನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡದ್ದು 2005ರಲ್ಲಿ.

ದೇಶದೊಳಗೆ ಕಂಪನಿಗಳು ಪರಸ್ಪರ ಕೊಡುವ ಟರ್ಮಿನೇಷನ್ ಶುಲ್ಕವನ್ನು ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಟ್ರಾಯ್, ಇಳಿಸುತ್ತ ಬಂತು: ಮೊಬೈಲ್ ಕರೆಗೆ 2009ರಲ್ಲಿ ನಿಮಿಷಕ್ಕೆ 20 ಪೈಸೆ, 2015ರಲ್ಲಿ 14, 2017ರ ಅಕ್ಟೋಬರ್‌ನಿಂದ 6, 2021ರ ಜನವರಿಯಿಂದ ಶೂನ್ಯ. ವಿದೇಶದಿಂದ ಬರುವ ಕರೆಗೆ 2015ರಲ್ಲಿ 53 ಪೈಸೆ ನಿಗದಿಯಾಗಿತ್ತು. ಈ ಅಂತರವನ್ನು ನುಂಗಲು ಸಿಮ್ ಬಾಕ್ಸ್ ದಂಧೆ ನಡೆಯಿತು. ಅಂತರ್ಜಾಲದಲ್ಲಿ ಬಂದ ವಿದೇಶಿ ಕರೆಯನ್ನು ಹತ್ತಾರು ಸಿಮ್‌ಗಳ ಪೆಟ್ಟಿಗೆ ಸ್ಥಳೀಯ ಕರೆಯಾಗಿ ಬದಲಿಸುತ್ತಿತ್ತು. 2021ರ ಜೂನ್‌ನಲ್ಲಿ ಬೆಂಗಳೂರು ಪೊಲೀಸರು ಸೇನಾ ಗುಪ್ತಚರರ ನೆರವಿನಿಂದ ಇಂಥ ಜಾಲವೊಂದನ್ನು ಭೇದಿಸಿದರು.

2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್ ಅಂತರ್ಜಾಲ ಕರೆಗಳನ್ನು ಸಾಮಾನ್ಯ ಡೇಟಾ ಪ್ಯಾಕ್‌ಗಳಿಂದ ಹೊರಗಿಟ್ಟು, ಪ್ರೀಪೇಯ್ಡ್ 3ಜಿಯಲ್ಲಿ ಪ್ರತಿ 10 ಕಿಲೋಬೈಟ್‌ಗೆ 4 ಪೈಸೆ ದರ ಪ್ರಕಟಿಸಿತು. ಜಿ.729ರ ಲೆಕ್ಕದಲ್ಲಿ ಹತ್ತು ನಿಮಿಷದ ಮಾತು ಎರಡೂ ದಿಕ್ಕು ಸೇರಿ ಸುಮಾರು 3.6 ಮೆಗಾಬೈಟ್, ಅಂದರೆ 14 ರೂಪಾಯಿಗೂ ಮಿಕ್ಕಿ. ಜನರ ಪ್ರತಿಭಟನೆಗೆ ಮಣಿದು ಕೆಲವೇ ದಿನಗಳಲ್ಲಿ ಕಂಪನಿ ಯೋಜನೆಯನ್ನು ಹಿಂದೆಗೆದುಕೊಂಡಿತು. ಆಗ ಎದ್ದ ನೆಟ್ ನ್ಯೂಟ್ರಾಲಿಟಿ, ಅಂದರೆ ಅಂತರ್ಜಾಲದ ಎಲ್ಲ ಬಳಕೆಯನ್ನೂ ಸಮನಾಗಿ ಕಾಣಬೇಕೆಂಬ, ಚರ್ಚೆಯ ಫಲವಾಗಿ 2016ರ ಫೆಬ್ರುವರಿ 8ರಂದು ಟ್ರಾಯ್, ಬಳಕೆಯ ವಿಷಯ ನೋಡಿ ಡೇಟಾಗೆ ಬೇರೆಬೇರೆ ದರ ಹಾಕುವುದನ್ನು ನಿಷೇಧಿಸಿತು. ಭಾರತದ ದರ ಇತಿಹಾಸದಲ್ಲಿ ಗ್ರಾಹಕರು ಗೆದ್ದ ದೊಡ್ಡ ಸಂದರ್ಭ ಇದೇ.

ಅದೇ ವರ್ಷ ಸೆಪ್ಟೆಂಬರ್ 5ರಂದು ಬಂದ ಜಿಯೋದ ಇಡೀ ಧ್ವನಿಜಾಲ ಅಂತರ್ಜಾಲ ಶಿಷ್ಟಾಚಾರದ ಮೇಲೆಯೇ ನಿಂತಿತ್ತು. ಮಾತು ಉಚಿತ, ಡೇಟಾಗೆ ಮಾತ್ರ ಹಣ. ಆದರೂ 2019ರ ಅಕ್ಟೋಬರ್‌ನಲ್ಲಿ ಅದು ಬೇರೆ ಕಂಪನಿಗಳ ಮೊಬೈಲಿಗೆ ಮಾಡುವ ಕರೆಗಳಿಗೆ ಆ 6 ಪೈಸೆಯನ್ನು ಗ್ರಾಹಕರಿಂದಲೇ ಕೇಳಿತು, ಶುಲ್ಕ ಶೂನ್ಯವಾದಾಗ ಬಿಟ್ಟಿತು. ಬಿಎಸ್‌ಎನ್‌ಎಲ್ 2018ರಲ್ಲಿ ತೆರೆದ 'ವಿಂಗ್ಸ್' ಆ್ಯಪ್ ಸೇವೆಗೆ ವರ್ಷಕ್ಕೆ 1,099 ರೂಪಾಯಿ ಇಟ್ಟಿತ್ತು. ಭಾರತದ ಯಾವುದೇ ಫೋನಿಗೂ ಅಂತರ್ಜಾಲದಿಂದ ಕರೆ ಮಾಡುವ ಅವಕಾಶ ಅದರಲ್ಲಿತ್ತು.

ಮನೆಬಳಕೆಯಲ್ಲಿ ನಿಮಿಷದ ದರ ಹೀಗೆ ಬಹುಮಟ್ಟಿಗೆ ಮರೆಯಾಯಿತು. ವಾಟ್ಸ್‌ಆ್ಯಪ್ 2015ರಲ್ಲಿ ಕರೆ ಸೌಲಭ್ಯ ಸೇರಿಸಿತು. ಸ್ಕೈಪ್ 2025ರ ಮೇ 5ರಂದು ಮುಚ್ಚಿತು. ನಿಮಿಷ, ಪಲ್ಸ್, ಪ್ರಿಫಿಕ್ಸ್‌ಗಳ ಲೆಕ್ಕ ಈಗ ಗಟ್ಟಿಯಾಗಿ ಉಳಿದಿರುವುದು ವಾಣಿಜ್ಯ ಕರೆಗಳಲ್ಲಿ. 2008ರಲ್ಲಿ ಟ್ವಿಲಿಯೊ, 2011ರಲ್ಲಿ ಬೆಂಗಳೂರಿನ ಎಕ್ಸೊಟೆಲ್ ಮೊದಲಾದವು ತೆರೆದ ಕ್ಲೌಡ್ ದೂರವಾಣಿ ಸೇವೆಗಳಲ್ಲಿ ಕರೆಯ ಬಳಕೆಗೆ ತಕ್ಕಂತೆ ಹಣ ಕೊಡುವವರು ಬ್ಯಾಂಕು, ಆಸ್ಪತ್ರೆ, ಟ್ಯಾಕ್ಸಿ ಮತ್ತು ಡೆಲಿವರಿ ಕಂಪನಿಗಳು.