ಪಾನಗೋಷ್ಠಿಯ ಮರ್ಯಾದೆ

ನಮ್ಮ ಸಾಹಿತ್ಯದಲ್ಲಿ ಪಾನಕ್ಕೆ ಒಂದೇ ಮುಖವಿಲ್ಲ. 941ರ ಸುಮಾರಿಗೆ ರಚಿತವಾದ ‘ವಿಕ್ರಮಾರ್ಜುನವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ ಪಂಪನು ಅರ್ಜುನನನ್ನು ದ್ವಾರಾವತಿಯ ಬೀದಿಗಳಲ್ಲಿ ಇರುಳು ನಡೆಸುತ್ತ, ಅಲ್ಲಿಯ ಪಾನಗೋಷ್ಠಿಯನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತಾನೆ. ಎರಡು ಶತಮಾನಗಳ ಬಳಿಕ ಕಲ್ಯಾಣದಲ್ಲಿ ಹೆಂಡದ ಮಾರಯ್ಯನೆಂಬ ಶರಣ ಕಾಣಿಸುತ್ತಾನೆ. ಹೆಂಡ ಮಾರುವುದು ಆತನ ಕಾಯಕ, ‘ಧರ್ಮೇಶ್ವರಲಿಂಗ’ ಆತನ ಅಂಕಿತ. ತನ್ನ ಕಸುಬಿನ ಪರಿಭಾಷೆಯನ್ನೇ ಆತ ಅನುಭಾವದ ಮಾತಾಗಿಸಿದ. ಇಪ್ಪತ್ತನೆಯ ಶತಮಾನದಲ್ಲಿ ಜಿ. ಪಿ. ರಾಜರತ್ನಂ ಅವರು ತಾವು ಕುಡಿಯದೆಯೇ ಕುಡುಕ ರತ್ನನ ಬಾಯಲ್ಲಿ ಕನ್ನಡದ ಒಲವನ್ನು ಹಾಡಿಸಿದರು. ಮೂವರೂ ಪಾನದ ಮಾತನ್ನಾಡಿದರು. ಮೂವರ ಉದ್ದೇಶವೂ ಬೇರೆ.

‘ಗೋಷ್ಠಿ’ ಎಂಬ ಪದದ ಮೂಲ ‘ಗೋಷ್ಠ’, ಎಂದರೆ ದನಗಳು ಕೂಡುವ ಕೊಟ್ಟಿಗೆ. ಹುಣಸೂರಿನವನಾದ ನನಗೆ ಈ ನಿಷ್ಪತ್ತಿ ಬಹು ಪ್ರಿಯ. ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಆಯಿತಷ್ಟೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, 19ನೆಯ ಶತಮಾನದಲ್ಲಿ ಆ ದನಗಳ ಆಡಳಿತಕ್ಕೆ ಹುಣಸೂರೇ ಕೇಂದ್ರವಾಯಿತು. ದಂಡಿಗೆ ಬೇಕಾದ ಎತ್ತು, ತೊಗಲಿನ ಸಾಮಾನು, ಕಂಬಳಿ ಇಲ್ಲಿ ಸಿದ್ಧವಾಗುತ್ತಿದ್ದುವು.

ಬಿಯರ್ ನಮ್ಮ ನಾಡಿಗೆ ಬಂದದ್ದೂ ಇದೇ ದಂಡಿನ ಬೆನ್ನು ಹಿಡಿದು. ಆ ಕಾಲದಲ್ಲಿ ಇಂಗ್ಲೆಂಡಿನಿಂದ ಹಡಗುಗಳಲ್ಲಿ ಪೀಪಾಯಿಗಟ್ಟಲೆ ಬರುತ್ತಿದ್ದ ಬಿಯರ್ ಕೆಡದಿರಲೆಂದು ಹಾಪ್ಸ್ ಎಂಬ ಕಹಿ ಹೂವನ್ನು ಧಾರಾಳವಾಗಿ ಬೆರೆಸುತ್ತಿದ್ದರು. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್‌ಲೆಂಡಿನವನು ದಕ್ಷಿಣದ ಐದು ಬಿಯರ್ ಕಾರ್ಖಾನೆಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದ. ಆಗ ಅದರ ಪೀಪಾಯಿಗಳು ದಂಡಿಗೆ ಸಾಗುತ್ತಿದ್ದುದು ಎತ್ತಿನ ಗಾಡಿಗಳ ಮೇಲೆ. 1947ರಲ್ಲಿ ವಿಠ್ಠಲ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಇಂದು ಕಪಿಲೆಯ ದಡದ ನಂಜನಗೂಡಿನ ಬಳಿಯೇ ಬಿಯರ್ ತಯಾರಾಗುತ್ತದೆ.

ಹೀಗೆಂದ ಮಾತ್ರಕ್ಕೆ ಬಿಯರಿನ ವಿದ್ಯೆ ನಮಗೆ ಪೂರ್ತಿ ಪರಕೀಯವೆಂದು ತಿಳಿಯಬೇಕಾಗಿಲ್ಲ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಕಾಳಿನ ಪಿಷ್ಟ ಸಕ್ಕರೆಯಾಗಲು ಸಿದ್ಧವಾಗುತ್ತದೆ. ಆ ಸಕ್ಕರೆಯನ್ನು ಕಿಣ್ವ ಮದ್ಯವಾಗಿಸುತ್ತದೆ. ಇದರ ಮೊದಲರ್ಧವನ್ನು ನಮ್ಮ ಅಜ್ಜಿಯರು ರಾಗಿಯಲ್ಲಿ ನಿತ್ಯ ನಡೆಸುತ್ತಿದ್ದರು. ಹಸುಗೂಸಿಗೆ ಕುಡಿಸುವ ಮೊಳಕೆ ರಾಗಿಯ ಗಂಜಿಗೂ ಬಿಯರಿಗೂ ಬುಡ ಒಂದೇ. ಹಿಮಾಲಯದ ತಪ್ಪಲಿನ ಜನ ಅದೇ ರಾಗಿಯನ್ನು ಹುಳಿಯಿಸಿ ಪಾನೀಯ ಮಾಡುತ್ತಾರೆ. ನಾವು ಅಂಬಲಿಗೆ ನಿಂತೆವು.

ತಿಂಗಳಿಗೊಂದು ಶನಿವಾರ ನಾವು ನಾಲ್ವರು ಗೆಳೆಯರು ಹುಣಸೂರಿನ ಒಂದು ಬಾರಿನಲ್ಲಿ ಕೂಡುತ್ತೇವೆ. ಪಿರಿಯಾಪಟ್ಟಣದವರು ಹೊಗೆಸೊಪ್ಪು ಬೆಳೆದವರು. ಎಲೆಯನ್ನು ಬೆರಳಲ್ಲಿ ಹೊಸಕಿ, ಮೂಸಿ ದರ್ಜೆ ಹೇಳಬಲ್ಲವರು. ಕೃಷ್ಣರಾಜನಗರದವರು ಅಕ್ಕಿ ವ್ಯಾಪಾರ ಮಾಡಿದವರು. ಹೆಗ್ಗಡದೇವನಕೋಟೆಯವರು ಶಾಲೆಯ ಮೇಷ್ಟರಾಗಿದ್ದವರು. 650 ಮಿಲಿಲೀಟರಿನ ಒಂದು ಬಾಟಲಿ ನಾಲ್ಕು ಗ್ಲಾಸಿಗೆ ಸಮನಾಗಿ ಹಂಚಿಕೆಯಾಗುತ್ತದೆ. ಮೊದಲು ನೊರೆ ನೋಡುವುದು, ಆಮೇಲೆ ಮೂಸುವುದು, ಕಡೆಗೆ ಒಂದೇ ಗುಟುಕು. ಅದು ಗಂಟಲಿಳಿಯುವವರೆಗೆ ಮೌನ. ಇನ್ನೊಂದು ಬಾಟಲಿಗೆ ಮೊದಲು ಬಾಯಿಗೆ ಕಡಲೆಪುರಿ. ಎರಡು ಬಾಟಲಿಗೆ ಗೋಷ್ಠಿ ಮುಕ್ತಾಯ. ಊರಿಗೆ ಮರಳುವುದು ಬಸ್ಸಿನಲ್ಲೇ. ಅಂದು ಒಂದು ಗೋಧಿ ಬಿಯರನ್ನು ಸವಿದು, “ಇದರಲ್ಲಿ ಬಾಳೆಹಣ್ಣಿನ ವಾಸನೆ ಇದೆ” ಎಂದವರು ಹೊಗೆಸೊಪ್ಪಿನ ಗೆಳೆಯರು. ಬಾಳೆಹಣ್ಣು ಹಾಕಿರಲಿಲ್ಲ, ಅದು ಕಿಣ್ವದ ಕೊಡುಗೆ. ಪುಸ್ತಕ ಓದಿದ್ದ ನನಗಿಂತ ಮೊದಲೇ ಅವರ ಮೂಗಿಗೆ ಅದು ತಿಳಿದಿತ್ತು.

ಇದನ್ನು ಕೊಂಡಾಡಿ ಬರೆಯುತ್ತೇನೆಂದಾಗ ಕೋಟೆಯ ಗೆಳೆಯರು ತಡೆದರು. “ಬರೀರಿ ಸಾರ್, ಬೇಡ ಅನ್ನೋಲ್ಲ. ಆದರೆ ಸಾರಾಯಿ ಅಂಗಡೀಲಿ ಅಪ್ಪನ ಕೂಲಿ ಕರಗಿಹೋಗಿ ಶಾಲೆ ಬಿಟ್ಟ ಮಕ್ಕಳ ಹೆಸರನ್ನ ಹಾಜರಿ ಪುಸ್ತಕದಿಂದ ಹೊಡೆದುಹಾಕಿದ ಕೈ ಇದು. ಅದನ್ನೂ ಬರೀರಿ,” ಎಂದರು.

ಬರೆಯದೆ ಇರಲಾಗದು. ಮೈಸೂರು ರಾಜ್ಯದಲ್ಲಿ ಪಾನನಿರೋಧ 1967ರಲ್ಲಿ ತೆರವಾಯಿತು. ನಲವತ್ತು ವರ್ಷಗಳ ಬಳಿಕ, 2007ರ ಜುಲೈ 1ರಂದು, ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಸಾರಾಯಿ ನಿಂತರೂ ಕುಡಿತ ನಿಲ್ಲಲಿಲ್ಲ. ಇಂದು ಬಿಯರಿನಲ್ಲೂ ‘ಸ್ಟ್ರಾಂಗ್’ ಎಂಬುದಕ್ಕೇ ಗಿರಾಕಿ ಹೆಚ್ಚು. ಅದರಲ್ಲಿ ಮದ್ಯಸಾರ ಪ್ರತಿಶತ 8ರವರೆಗೆ ಇರಬಹುದು. ರುಚಿಯನ್ನು ಕೇಳುವವರು ಕಡಿಮೆ, ಅಮಲನ್ನು ಲೆಕ್ಕ ಹಾಕುವವರು ಬಹಳ.

ರುಚಿ ಕಂಡವನು ಕೆಡುವುದಿಲ್ಲವೆಂದು ನಾನು ಹೇಳಲಾರೆ. ಪಂಪನ ಪಾನಗೋಷ್ಠಿಯಲ್ಲೂ ನಾಲಗೆ ತೊದಲುತ್ತದೆ. ಆದರೆ ಗೋಷ್ಠಿಯಲ್ಲಿ ಒಬ್ಬನನ್ನು ಇನ್ನೊಬ್ಬ ನೋಡುತ್ತಿರುತ್ತಾನೆ. ಒಂಟಿ ಕುಡಿತಕ್ಕೆ ಆ ಕಾವಲಿಲ್ಲ. ಮೂರನೆಯ ಬಾಟಲಿಗೆ ನಾನು ಕೈ ಎತ್ತಿದರೆ ಮಾಣಿಯನ್ನು ಹಿಂದಕ್ಕೆ ಕಳಿಸುವವರು ಕೋಟೆಯ ಮೇಷ್ಟರು. ಅವರಿರುವುದರಿಂದಲೇ ಅದನ್ನು ಗೋಷ್ಠಿಯೆಂದು ಕರೆಯುವ ಧೈರ್ಯ ನನಗಿದೆ.