ಪಟ್ಟದಿಂದ ಇಳಿದ ಮಹಾದೇವಿಯರು

ಮಹಾದೇವಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವವಳು ಉಡುತಡಿಯ ಅಕ್ಕ. ಆದರೆ ಅವಳಿಗಿಂತ ನಾಲ್ಕು ಶತಮಾನ ಮೊದಲೇ ಶಾಸನಗಳಲ್ಲಿ ಮಹಾದೇವಿಯರಿದ್ದಾರೆ, ಎಲ್ಲರೂ ಅರಮನೆಯವರು. ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಲೋಕೇಶ್ವರ ದೇಗುಲ ಕಟ್ಟಿಸಿದಳು. ಇಂದಿನ ವಿರೂಪಾಕ್ಷ ಅದೇ. ಪಕ್ಕದ ಮಲ್ಲಿಕಾರ್ಜುನ ದೇಗುಲ ಅವಳ ತಂಗಿಯೂ ಸವತಿಯೂ ಆದ ತ್ರೈಲೋಕ್ಯಮಹಾದೇವಿಯದು. ಗುಡಿಗೆ ರಾಣಿಯ ಹೆಸರು. ಗೆಲುವು ಮಾತ್ರ ಗಂಡನದು.

ಹತ್ತನೆಯ ಶತಮಾನದ ಚೋಳರಲ್ಲಿ ಸೆಂಬಿಯನ್ ಮಹಾದೇವಿ ಈ ಚೌಕಟ್ಟನ್ನು ಸ್ವಲ್ಪ ಸಡಿಲಿಸಿದಳು. ಗಂಡ ಗಂಡರಾದಿತ್ಯ ತೀರಿಕೊಂಡ ಮೇಲೂ ದಶಕಗಳ ಕಾಲ ಕಾವೇರಿ ಸೀಮೆಯ ಇಟ್ಟಿಗೆ ಗುಡಿಗಳನ್ನು ಕಲ್ಲಿನಲ್ಲಿ ಕಟ್ಟಿಸುತ್ತ ಹೋದಳು. ಇನ್ನೂ ಮುಂದೆ ಹೋದವರು ಒಡಿಶಾದ ಭೌಮಕರ ವಂಶದವರು. ತ್ರಿಭುವನಮಹಾದೇವಿ, ದಂಡಿಮಹಾದೇವಿ ಮುಂತಾದವರು ತಾವೇ ಸಿಂಹಾಸನವೇರಿ ತಮ್ಮ ಹೆಸರಿನಲ್ಲೇ ತಾಮ್ರಶಾಸನ ಹೊರಡಿಸಿದರು. ನಮ್ಮ ಪಠ್ಯಪುಸ್ತಕಗಳು ಇವರತ್ತ ಸುಳಿಯುವುದೇ ಇಲ್ಲ.

ಹನ್ನೆರಡನೆಯ ಶತಮಾನದಲ್ಲಿ ದಿಕ್ಕು ಬದಲಾಯಿತು. ಅಕ್ಕನ ಕಥೆಯಲ್ಲಿ ಅರಮನೆ ಇದೆ, ಅರಸ ಕೌಶಿಕನಿದ್ದಾನೆ, ಪಟ್ಟವೂ ಕೈಗೆಟುಕುವಷ್ಟು ಹತ್ತಿರವಿದೆ. ಹರಿಹರನ ರಗಳೆಯಲ್ಲಿ ಮಹಾದೇವಿ ಷರತ್ತು ಹಾಕಿ ಕೌಶಿಕನನ್ನು ಮದುವೆಯಾಗುತ್ತಾಳೆ. ಅವನು ಮಾತಿಗೆ ತಪ್ಪಿದಾಗ ಎದ್ದು ಹೊರಡುತ್ತಾಳೆ. ಹದಿನೈದನೆಯ ಶತಮಾನದ ಚಾಮರಸನ ಪ್ರಭುಲಿಂಗಲೀಲೆಗೆ ಬರುವಷ್ಟರಲ್ಲಿ ಮದುವೆಯೇ ಮಾಯವಾಗಿದೆ. ನನಗೆ ಹರಿಹರನ ಮಹಾದೇವಿಯೇ ಹೆಚ್ಚು ಗಟ್ಟಿಗಿತ್ತಿ ಎನಿಸುತ್ತಾಳೆ. ಸಂಸಾರದೊಳಗೆ ಹೋಗಿ, ನೋಡಿ, ಹೊಸ್ತಿಲು ದಾಟಿದವಳು ಅವಳು. ನಂತರದವರು ಅವಳ ಶೀಲ ಕಾಯಲು ಹೋಗಿ ಅವಳ ನಿರ್ಧಾರದ ತೂಕವನ್ನೇ ಇಳಿಸಿಬಿಟ್ಟರು. ಶೂನ್ಯಸಂಪಾದನೆ ಇನ್ನೊಂದು ದಾರಿ ಹಿಡಿಯಿತು. ಕಲ್ಯಾಣಕ್ಕೆ ಬಂದವಳನ್ನು ಅಲ್ಲಮ ಅಡ್ಡಗಟ್ಟಿ, ನಿನ್ನ ಗಂಡ ಯಾರೆಂದು ಕೇಳುತ್ತಾನೆ. ಬಟ್ಟೆ ಬಿಟ್ಟವಳಿಗೆ ಕೂದಲ ಮರೆ ಏಕೆಂದು ಕೆಣಕುತ್ತಾನೆ. ಅಲ್ಲಿ ಅವಳು ಬರಿಯ ಭಕ್ತೆಯಲ್ಲ, ವಾದದಲ್ಲಿ ಮಣಿಯದ ಸಾಧಕಿ.

ಅದೇ ಕಲ್ಯಾಣದಲ್ಲಿ ಇನ್ನೊಬ್ಬ ಮಹಾದೇವಿಯೂ ಇದ್ದಳು, ಮೋಳಿಗೆ ಮಾರಯ್ಯನ ಹೆಂಡತಿ. ಸಂಪ್ರದಾಯದ ಪ್ರಕಾರ ಇವರು ಕಾಶ್ಮೀರದ ಅರಸ ಮಹಾದೇವ ಭೂಪಾಲ ಮತ್ತು ರಾಣಿ ಗಂಗಾದೇವಿ. ರಾಜ್ಯ ತೊರೆದು ಬಂದು ಕಟ್ಟಿಗೆ ಮಾರಿ ಬದುಕಿದರು. ರಾಣಿಯಾಗಿದ್ದಾಗ ಗಂಗಾದೇವಿ, ಸೌದೆಹೊರೆಯ ಮನೆಗೆ ಬಂದ ಮೇಲೆ ಮಹಾದೇವಿ! ಶಾಸನಗಳ ಲೆಕ್ಕವನ್ನು ವಚನಕಾರರು ತಿರುವಿಹಾಕಿದ್ದು ಹೀಗೆ. ಇವಳ ವಚನಗಳಲ್ಲಿ ವಾದದ ಹರಿತವಿದೆ. ಗಂಡನಿಗೂ ತತ್ವ ತಿದ್ದಿ ಹೇಳುತ್ತಾಳೆ. ಅಕ್ಕನ ಪ್ರಭೆಯಲ್ಲಿ ಅವಳನ್ನು ಓದುವವರು ಕಡಿಮೆಯಾದದ್ದು ನಷ್ಟವೇ.

ಇಪ್ಪತ್ತನೆಯ ಶತಮಾನದಲ್ಲಿ ಉತ್ತರದಲ್ಲೊಬ್ಬರು, ದಕ್ಷಿಣದಲ್ಲೊಬ್ಬರು. ಹಿಂದಿ ಕವಯಿತ್ರಿ ಮಹಾದೇವಿ ವರ್ಮಾ (1907–1987) ಬಾಲ್ಯವಿವಾಹವಾಗಿದ್ದರೂ ಗಂಡನ ಜೊತೆ ಸಂಸಾರ ನಡೆಸಲೊಪ್ಪದೆ ಪ್ರಯಾಗ ಮಹಿಳಾ ವಿದ್ಯಾಪೀಠದಲ್ಲಿ ಹೆಣ್ಣುಮಕ್ಕಳ ಶಿಕ್ಷಣಕ್ಕೆ ನಿಂತರು; 1982ರ ಜ್ಞಾನಪೀಠ ಅವರಿಗೆ ಸಂದಿತು.

ಚಿತ್ರದುರ್ಗ ಸೀಮೆಯ ಮಾತೆ ಮಹಾದೇವಿ 1946ರಲ್ಲಿ ಹುಟ್ಟಿದವರು. ಅಕ್ಕ ಪೀಠಗಳನ್ನು ಕೇಳಿದವಳಲ್ಲ, ಇವರು ಕೇಳಿ ಪಡೆದರು: 1970ರಲ್ಲಿ ಲಿಂಗಾಯತರಲ್ಲಿ ಮೊದಲ ಬಾರಿಗೆ ಮಹಿಳೆಯಾಗಿ ಜಗದ್ಗುರುವಾದರು. ಅವರ ದಿಟ್ಟತನವನ್ನು ಮೆಚ್ಚಿದವರೂ ಅವರ ‘ವಚನ ದೀಪ್ತಿ’ ಪುಸ್ತಕದ ವಿಷಯದಲ್ಲಿ ತಡವರಿಸಿದರು. ಬಸವಣ್ಣನ ‘ಕೂಡಲಸಂಗಮದೇವ’ ಅಂಕಿತವನ್ನು ಅವರು ಅದರಲ್ಲಿ ‘ಲಿಂಗದೇವ’ ಎಂದು ಬದಲಿಸಿದ್ದರು. ಇನ್ನೊಬ್ಬರ ವಚನದ ಅಂಕಿತಕ್ಕೆ ಕೈಹಚ್ಚುವುದು, ಎಷ್ಟೇ ಸದುದ್ದೇಶವಿರಲಿ, ಸರಿಯೆಂದು ನನಗನ್ನಿಸದು. ಆದರೆ ಪುಸ್ತಕ ಮುಟ್ಟುಗೋಲು ಹಾಕುವುದು ಅದಕ್ಕೆ ಉತ್ತರವೂ ಅಲ್ಲ. 1998ರಲ್ಲಿ ಸರ್ಕಾರ ಮಾಡಿದ್ದು ಅದನ್ನೇ. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪ್ರತ್ಯೇಕ ಲಿಂಗಾಯತ ಧರ್ಮದ ಚಳವಳಿಯಲ್ಲಿ ಕೊನೆಯವರೆಗೂ ಮುಂಚೂಣಿಯಲ್ಲಿದ್ದ ಅವರು 2019ರ ಮಾರ್ಚ್‌ನಲ್ಲಿ ತೀರಿಕೊಂಡರು. ಅವರ ನಂತರ ಪೀಠಕ್ಕೆ ಬಂದವರೂ ಮಹಿಳೆಯೇ, ಮಾತೆ ಗಂಗಾದೇವಿ.